ಮೋನಿಕಾ ಬೆಸ್ರಾ ಹೊಟ್ಟೆ ಗಡ್ಡೆ: ಮಾತ್ರೆನಾ, ಮೆಡಲ್ಲಾ, ಆ ಫೈಲ್ ಎಲ್ಲಿ?

ನಾನು ಒಂದು ತಾಲ್ಲೂಕು ಆಸ್ಪತ್ರೆ ಲ್ಯಾಬಲ್ಲಿ ಕೆಲ್ಸ ಮಾಡೋನು, ಹದಿನೈದು ವರ್ಷದಿಂದ ಟಿಬಿ ಪೇಷೆಂಟ್‌ಗಳ ಕಫದ ಸ್ಲೈಡ್ ನೋಡ್ಕೊಂಡೇ ಬಂದಿದೀನಿ, ಭಾನುವಾರ ತಪ್ಪದೆ ಪೂಜೆಗೂ ಹೋಗ್ತೀನಿ. ಈ ಎರಡೂ ಒಬ್ನಲ್ಲೇ ಇದ್ರೆ ನೆಂಟ್ರು ಸೇರಿದಾಗ ಒಂದು ಕಾಟ ಇದೆ, ಯಾವ ಪವಾಡದ ವಿಷ್ಯ ಬಂದ್ರೂ ಎರಡೂ ಕಡೆಯೋರು ನನ್ನನ್ನೇ ಸಾಕ್ಷಿ ಕರೀತಾರೆ. ಹೋದ ಕ್ರಿಸ್‌ಮಸ್‌ಗೆ ಊಟಕ್ಕೆ ಕೂತಾಗ ಭಾವ ಶುರು ಮಾಡಿದ್ರು. ಅವ್ರು ನಮ್ಮಲ್ಲೇ ಹುಟ್ಟಿ ಬೆಳೆದೋರೇ ಆದ್ರೂ ಈಗ ಪಕ್ಕಾ ವಿಚಾರವಾದಿ. "ಟಿಬಿ ಮಾತ್ರೆ ತಿಂದು ವಾಸಿಯಾದ ಹೆಂಗಸನ್ನ ತೋರ್ಸಿ ಮದರ್ ತೆರೇಸಾನ ಸಂತಳು ಮಾಡ್ಬಿಟ್ರಲ್ಲಪ್ಪ" ಅಂದ್ರು. ನಮ್ಮ ಸೋದರತ್ತೆ ಸುಮ್ನಿರ್ತಾರಾ, "ರೋಮ್‌ನಲ್ಲಿ ಡಾಕ್ಟ್ರುಗಳೇ ಕೂತ್ಕೊಂಡು ನೋಡಿ ಒಪ್ಪಿದಾರೆ, ಅವ್ರಿಗೇನು ನಿನ್ನಷ್ಟು ಬುದ್ಧಿ ಇರ್ಲಿಲ್ವಾ" ಅಂತ ಅವ್ರು. ಆಮೇಲೆ ಇಬ್ರೂ ನನ್ ಕಡೆ ತಿರುಗಿ, "ಲ್ಯಾಬಲ್ಲಿರೋನು ನೀನು, ನೀನೇ ಹೇಳು".

ಕೈಯಲ್ಲಿ ತಟ್ಟೆ ಹಿಡ್ಕೊಂಡು ಹೇಳೋ ಉತ್ತರ ಅಲ್ಲ ಅದು. ಸುಮ್ನೆ ಇನ್ನೊಂದು ತುತ್ತು ತಿಂದೆ. ಆಮೇಲೆ ಎರಡ್ಮೂರು ತಿಂಗ್ಳು ಸಿಕ್ಕಿದ್ದೆಲ್ಲ ಓದಿ, ನನ್ ಕೆಲ್ಸದ ಕಣ್ಣಲ್ಲೂ ನನ್ ನಂಬಿಕೆ ಕಣ್ಣಲ್ಲೂ ನೋಡಿ ಈ ಕೇಸನ್ನ ಪೂರ್ತಿ ಬರೀತಾ ಇದೀನಿ.

ಮೊದ್ಲು ಏನಾಯ್ತು ಅಂತ ಹೇಳ್ಬಿಡ್ತೀನಿ. ಮದರ್ ತೆರೇಸಾ ತೀರ್ಕೊಂಡಿದ್ದು 1997ರ ಸೆಪ್ಟೆಂಬರ್ 5, ಕಲ್ಕತ್ತಾದಲ್ಲಿ. ಮೋನಿಕಾ ಬೆಸ್ರಾ ಪಶ್ಚಿಮ ಬಂಗಾಳದ ದಕ್ಷಿಣ ದಿನಾಜ್‌ಪುರ ಜಿಲ್ಲೆಯ ಸಂತಾಲ ಬುಡಕಟ್ಟಿನ ಹೆಂಗಸು, ಐದು ಮಕ್ಕಳ ತಾಯಿ, ಬಡತನ. 1998ರಲ್ಲಿ ಹೊಟ್ಟೇಲಿ ದೊಡ್ಡ ಗಡ್ಡೆ, ಜ್ವರ, ತಲೆನೋವು, ಸುಸ್ತು. ಬಾಲುರ್‌ಘಾಟ್ ಸರ್ಕಾರಿ ಆಸ್ಪತ್ರೇಲೂ ಸಿಲಿಗುರಿ ಕಡೆಯ ನಾರ್ತ್ ಬೆಂಗಾಲ್ ಮೆಡಿಕಲ್ ಕಾಲೇಜಲ್ಲೂ ತೋರಿಸಿದ್ರು. ಕೊನೆಗೆ ಪತಿರಾಮ್ ಅನ್ನೋ ಊರಲ್ಲಿರೋ, ಮದರ್ ಕಟ್ಟಿದ ಮಿಷನರೀಸ್ ಆಫ್ ಚಾರಿಟಿ ಸಿಸ್ಟರ್‌ಗಳ ಮನೇಲಿ ಉಳ್ಕೊಂಡ್ರು. 1998ರ ಸೆಪ್ಟೆಂಬರ್ 5, ಮದರ್ ತೀರ್ಕೊಂಡು ಸರಿಯಾಗಿ ಒಂದು ವರ್ಷ, ಆವತ್ತು ಅಲ್ಲಿನ ಪ್ರಾರ್ಥನಾ ಕೋಣೆಗೆ ಹೋದಾಗ ಮದರ್ ಫೋಟೋದಿಂದ ಒಂದು ಬೆಳಕು ತನ್ನ ಕಡೆ ಬಂತು ಅಂತ ಮೋನಿಕಾ ಹೇಳ್ತಾರೆ. ಸಂಜೆ ಇಬ್ರು ಸಿಸ್ಟರ್‌ಗಳು ಮದರ್ ಪಾರ್ಥಿವ ಶರೀರಕ್ಕೆ ಮುಟ್ಟಿಸಿದ್ದ ಒಂದು ಪುಟ್ಟ ಮಾತೆ ಮರಿಯಮ್ಮನ ಮೆಡಲ್ಲನ್ನ ಕಪ್ಪು ದಾರದಲ್ಲಿ ಅವ್ರ ಹೊಟ್ಟೆಗೆ ಕಟ್ಟಿ ಪ್ರಾರ್ಥನೆ ಮಾಡಿದ್ರು. ರಾತ್ರಿ ಸುಮಾರು ಒಂದು ಗಂಟೆಗೆ ಎಚ್ಚರ ಆಗಿ ಮುಟ್ಟಿ ನೋಡ್ಕೊಂಡ್ರೆ ಗಡ್ಡೆ ಇಲ್ಲ, ಮೈ ಹಗುರ.

ಇಷ್ಟು ಅವ್ರ ಮಾತು. ಇದೇ ಮಾತನ್ನ ಅವ್ರು ಮೊದಲಿನಿಂದ ಕೊನೆವರೆಗೂ ಹೇಳ್ಕೊಂಡೇ ಬಂದಿದಾರೆ, ಅದನ್ನ ಇಲ್ಲೇ ಬರೆದಿಟ್ಟುಬಿಡ್ತೀನಿ, ಯಾಕಂದ್ರೆ ಮುಂದಿನ ಜಗಳದಲ್ಲಿ ಈ ಯಮ್ಮನ್ನೇ ಎಲ್ರೂ ಮರೆತುಬಿಟ್ರು.

ಇನ್ನೊಂದು ಕಡೆ ಡಾಕ್ಟ್ರು. ಬಾಲುರ್‌ಘಾಟ್ ಆಸ್ಪತ್ರೇಲಿ ಅವ್ರಿಗೆ ಟ್ರೀಟ್‌ಮೆಂಟ್ ಕೊಟ್ಟ ಹೆಂಗಸರ ತಜ್ಞ ಡಾ. ರಂಜನ್ ಮುಸ್ತಫಿ ಪತ್ರಿಕೆಗಳಿಗೆ ಹೇಳಿದ್ದು ಏನಂದ್ರೆ ಅದು ಕ್ಯಾನ್ಸರ್ ಗಡ್ಡೆ ಅಲ್ವೇ ಅಲ್ಲ, ಟಿಬಿಯಿಂದ ಆದ ಸಿಸ್ಟ್ (ನೀರು ತುಂಬಿದ ಚೀಲ), ಒಂಬತ್ತು ತಿಂಗಳಿಂದ ಒಂದು ವರ್ಷ ಮಾತ್ರೆ ತಗೊಂಡ್ರು, ಅದ್ರಿಂದ ವಾಸಿ ಆಯ್ತು, ಇದ್ರಲ್ಲಿ ಪವಾಡ ಏನೂ ಇಲ್ಲ. ಸಿಟಿಗಳಲ್ಲಿ ಭಾಷಣ ಮಾಡೋರು ಇವತ್ತಿಗೂ "ಕ್ಯಾನ್ಸರ್ ವಾಸಿ ಆಯ್ತು" ಅಂತಾನೇ ಹೇಳ್ತಾರೆ, ಪತ್ರಿಕೆಗಳೂ ಹಾಗೇ ಬರೆದ್ವು. ನಾನು ನೋಡಿದ ಹಾಗೆ ಈ ಕೇಸಲ್ಲಿ ಮೊದಲನೇ ಎಡವಟ್ಟು ಇದು. ಟ್ಯೂಮರ್ ಅಂದ್ರೆ ನಮ್ಮ ಜನಕ್ಕೆ ಕ್ಯಾನ್ಸರ್, ಡಾಕ್ಟ್ರ ಭಾಷೇಲಿ ಟ್ಯೂಮರ್ ಅಂದ್ರೆ ಗಡ್ಡೆ ಅಷ್ಟೇ. ಆ ಒಂದು ಪದ ಜಾರಿದ್ದಕ್ಕೆ ಅರ್ಧ ಜಗಳ ಹುಟ್ಟಿದೆ.

ಟಿಬಿ ಅಂದ್ರೆ ಕೆಮ್ಮು ಅಂತ ಅಂದ್ಕೊಂಡಿರೋರೇ ಜಾಸ್ತಿ. ಹೊಟ್ಟೆ ಟಿಬಿ ಬೇರೇನೇ ಪ್ರಾಣಿ. ಕರುಳಿನ ಪೊರೆ, ಗ್ರಂಥಿ, ಅಂಡಾಶಯ, ಗರ್ಭನಾಳ ಎಲ್ಲಾ ಕಡೆ ಕೂತ್ಕೊಳ್ಳುತ್ತೆ, ಅಲ್ಲಲ್ಲೇ ನೀರು ತುಂಬ್ಕೊಂಡು ಪೊರೆಗಳು ಅಂಟ್ಕೊಂಡು ಒಂದು ಚೀಲದ ಥರ ಆಗುತ್ತೆ, ಮುಟ್ಟಿದ್ರೆ ಗಡ್ಡೆ, ಸ್ಕ್ಯಾನ್ ಮಾಡಿದ್ರೆ ಗಡ್ಡೆ. ರಕ್ತದಲ್ಲಿ ಸಿಎ-125 ಅಂತ ಒಂದು ಟೆಸ್ಟ್ ಇದೆ, ಅಂಡಾಶಯದ ಕ್ಯಾನ್ಸರ್‌ಗೆ ನೋಡೋದು, ಹೊಟ್ಟೆ ಟಿಬೀಲೂ ಅದು ಏರುತ್ತೆ. ಕ್ಯಾನ್ಸರ್ ಅಂತ ಹೊಟ್ಟೆ ಕೊಯ್ದು ನೋಡಿದ್ರೆ ಟಿಬಿ ಅಂತ ಬಂದ ಕೇಸುಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಅಂಥಾ ಗಡ್ಡೆ ಚಾಕು ಮುಟ್ಟಿಸದೆ ಬರೀ ಮಾತ್ರೇಲಿ ಕರಗುತ್ತೆ, ಅದೇನು ಅಪರೂಪ ಅಲ್ಲ. ಮೋನಿಕಾಗೆ ಟಿಬಿ ಮೆದುಳಿನ ಪೊರೆಗೂ ಹೋಗಿತ್ತು ಅಂತ ಆಗಿನ ವರದಿಗಳಲ್ಲಿದೆ, ಹಾಗಿದ್ರೆ ಡಾಕ್ಟ್ರು ಹೇಳಿದ ಒಂಬತ್ತು ತಿಂಗಳಿಂದ ಒಂದು ವರ್ಷ ಅನ್ನೋ ಲೆಕ್ಕನೂ ಸರಿ ಕೂರುತ್ತೆ. ಮಾಮೂಲಿ ಟಿಬಿಗೆ 6 ತಿಂಗಳು, ಮೆದುಳಿನ ಪೊರೆ ಟಿಬಿಗೆ 9ರಿಂದ 12.

ಈ ಮಾತ್ರೆ ಬಗ್ಗೆ ಒಂದು ಮಾತು. ರಿಫಾಂಪಿಸಿನ್ ಅಂತ ಒಂದಿದೆ, ಕೆಂಪು ಬಣ್ಣದ್ದು. ಅದನ್ನ ನುಂಗಿದ ಮಾರನೇ ದಿನ ಮೂತ್ರ ಕಿತ್ತಳೆ-ಕೆಂಪು ಆಗುತ್ತೆ, ಬೆವರು, ಕಣ್ಣೀರೂ ಆ ಬಣ್ಣಕ್ಕೆ ತಿರುಗೋದುಂಟು. ಮೊದ್ಲೇ ಹೇಳಿದ್ರೂ ಜನ ಗಾಬರಿ ಬೀಳ್ತಾರೆ. ಒಬ್ಬ ಗಾರೆ ಕೆಲ್ಸದೋನು ಬೆಳ್ಬೆಳಿಗ್ಗೆ ಹಾರ್ಲಿಕ್ಸ್ ಬಾಟ್ಲಲ್ಲಿ ಮೂತ್ರ ತುಂಬ್ಕೊಂಡು ಬಂದು, ಬಾಟ್ಲನ್ನ ಟವಲಲ್ಲಿ ಸುತ್ತಿ ನನ್ ಟೇಬಲ್ ಮೇಲೆ ಇಟ್ಟು, "ಸಾ, ರಕ್ತ ಹೋಯ್ತಾ ಅದೆ ಸಾ, ನಾನು ಉಳಿಯಕಿಲ್ಲ" ಅಂತ ಅತ್ತಿದಾನೆ. ಮಾತ್ರೆ ಬಣ್ಣ ಕಣೋ ಅಂತ ಹೇಳಿ, ಸ್ಟ್ರಿಪ್ ಬಿಡಿಸಿ ಒಂದು ತೋರಿಸಿ ಕಳಿಸಿದ್ದಾಯ್ತು. ಇನ್ನೊಂದು ಹುಡುಗಿ, ಕುತ್ತಿಗೆ ಗ್ರಂಥಿ ಟಿಬಿ, ಟ್ರೀಟ್‌ಮೆಂಟ್ ಶುರುವಾಗಿ ಒಂದೂವರೆ ತಿಂಗಳಿಗೆ ಗಂಟು ಚಿಕ್ಕದಾಗೋ ಬದ್ಲು ನಿಂಬೆಹಣ್ಣಿನಷ್ಟು ಆಯ್ತು, ಅವ್ರಮ್ಮ ಮಾತ್ರೆ ಬಿಡಿಸಿ ಎಲ್ಲಿಗೋ ತಾಯತ ಕಟ್ಸೋಕೆ ಹೊರಟಿದ್ರು. ಇದೂ ಟಿಬೀಲಿ ಗೊತ್ತಿರೋ ವಿಚಾರ, ಮಾತ್ರೆ ಕೆಲ್ಸ ಮಾಡ್ತಿರೋವಾಗ್ಲೇ ಗಂಟು ದೊಡ್ಡದಾಗಿ ಆಮೇಲೆ ಇಳಿಯುತ್ತೆ. ಯೋಚ್ನೆ ಮಾಡಿ, ಅದು ದೊಡ್ಡದಾಗಿದ್ದಾಗ ತಾಯತ ಕಟ್ಟಿದ್ದಿದ್ರೆ, ಹದಿನೈದು ದಿನಕ್ಕೆ ಗಂಟು ಇಳಿದಿದ್ರೆ, ಊರೆಲ್ಲಾ ಯಾರಿಗೆ ಹರಕೆ ಹೊರ್ತಿತ್ತು?

ಹಾಗಂತ ಭಾವನ ಮಾತೇ ಪೂರ್ತಿ ಸರಿ ಅಂತ ಬಿಟ್ಬಿಡೋಕೂ ಆಗಲ್ಲ. ಟಿಬಿ ಮಾತ್ರೆ ಗಡ್ಡೆ ಕರಗಿಸುತ್ತೆ ನಿಜ, ಆದ್ರೆ ವಾರಗಟ್ಟಲೆ ತಿಂಗಳುಗಟ್ಟಲೆ ತಗೊಳ್ಳುತ್ತೆ, ಸಂಜೆ ಇದ್ದಿದ್ದು ರಾತ್ರಿ ಒಂದು ಗಂಟೆಗೆ ಇಲ್ಲ ಅಂದ್ರೆ ಮಾತ್ರೆ ಲೆಕ್ಕಕ್ಕೆ ಅದು ಸಿಗಲ್ಲ. ಚರ್ಚ್ ಹಿಡಿದಿದ್ದು ಇದೇ ಎಳೆ. ಅವ್ರ ಕಡೆಯ ಕಥನದಲ್ಲಿ, ಆಪರೇಶನ್ ಬೇಕು ಅಂದಿದ್ರು, ಮೈಯಲ್ಲಿ ರಕ್ತ ಇಲ್ಲ ಅಂತ ಮುಂದಕ್ಕೆ ಹಾಕಿದ್ರು, ಅಷ್ಟ್ರಲ್ಲಿ ಒಂದೇ ರಾತ್ರೀಲಿ ಗಡ್ಡೆ ಮಾಯ. ವೈದ್ಯಕೀಯದಲ್ಲಿ ಇದಕ್ಕೂ ಉತ್ತರ ಇದೆ. ನೀರು ತುಂಬಿದ ಸಿಸ್ಟ್ ಒಡೆದು ನೀರು ಹೊಟ್ಟೆಯೊಳಗೆ ಹರಡಿಬಿಟ್ರೆ ಮುಟ್ಟೋಕೆ ಸಿಗ್ತಿದ್ದ ಗಡ್ಡೆ ರಾತ್ರೋರಾತ್ರಿ ಸಿಗಲ್ಲ, ಅಂಡಾಶಯದ ಸಿಸ್ಟ್‌ಗಳಲ್ಲಿ ಇದು ನಡೆಯುತ್ತೆ. ಇಲ್ಲಾ ತಿಂಗಳುಗಳಿಂದ ನಿಧಾನವಾಗಿ ಇಳೀತಾ ಬಂದಿದ್ದು ಆವತ್ತು ರಾತ್ರಿ ಅವ್ರ ಗಮನಕ್ಕೆ ಬಂದಿರಬಹುದು, ನೋವು ಬಿಟ್ಟ ಕ್ಷಣ ಮನುಷ್ಯನಿಗೆ ನೆನಪಿರುತ್ತೆ, ನಿಧಾನವಾಗಿ ಕಮ್ಮಿ ಆಗ್ತಿದ್ದ ದಿನಗಳು ನೆನಪಿರಲ್ಲ.

ಇವೆಲ್ಲಾ "ಇರಬಹುದು"ಗಳು. ಇದನ್ನ ತೀರ್ಮಾನ ಮಾಡೋಕೆ ಬೇಕಾಗಿರೋದು ಮೂರೇ ತಾರೀಖು: ಟಿಬಿ ಮಾತ್ರೆ ಮೊದಲನೇ ದಿನ ಯಾವ್ದು, ಸೆಪ್ಟೆಂಬರ್ 5ಕ್ಕೆ ಮುಂಚೆ ಕೊನೇ ಸಲ ಸ್ಕ್ಯಾನ್ ಮಾಡಿದ್ದು ಯಾವಾಗ, ಆಮೇಲೆ ಮೊದಲ ಸ್ಕ್ಯಾನ್ ಯಾವಾಗ. ಸೆಪ್ಟೆಂಬರ್ 3ಕ್ಕೆ ಇಷ್ಟು ಸೆಂಟಿಮೀಟರ್ ಗಡ್ಡೆ, 7ಕ್ಕೆ ಏನೂ ಇಲ್ಲ ಅಂತ ಎರಡು ಹಾಳೆ ಪಕ್ಕಪಕ್ಕ ಇಟ್ರೆ ಭಾವನೂ ಬಾಯಿ ಮುಚ್ಕೊಂಡು ಇನ್ನೊಂದು ಸಲ ಯೋಚ್ನೆ ಮಾಡ್ಬೇಕು. ಕೊನೇ ಸ್ಕ್ಯಾನ್ ಮೂರು ತಿಂಗಳು ಹಿಂದಿನದಾದ್ರೆ ಅತ್ತೆ ಸುಮ್ನಾಗ್ಬೇಕು. ನನ್ನ ಇಡೀ ಬರಹದ ತಿರುಳು ಇಷ್ಟೇ, ಇಲ್ಲಿ ಜಗಳ ಇರೋದು ವಿಜ್ಞಾನಕ್ಕೂ ದೇವರಿಗೂ ಅಲ್ಲ, ಒಂದು ಫೈಲಿಗೆ.

ಆ ಫೈಲ್ ಎಲ್ಲಿ? 2002ರಲ್ಲಿ ಟೈಮ್ ಪತ್ರಿಕೆ ಇದನ್ನ ಕೆದಕಿದಾಗ, ಸ್ಕ್ಯಾನು, ಚೀಟಿಗಳು, ಡಾಕ್ಟ್ರು ಬರೆದಿದ್ದು ಎಲ್ಲಾ ಮಿಷನರೀಸ್ ಆಫ್ ಚಾರಿಟಿಯ ಒಬ್ರು ಸಿಸ್ಟರ್ ಹತ್ರ ಇದೆ ಅಂತ ಮೋನಿಕಾ ಹೇಳಿದ್ರು, ಪತ್ರಿಕೆಯೋರು ಆ ಸಿಸ್ಟರ್‌ಗೆ ಫೋನ್ ಮಾಡಿದ್ರೆ ಏನೂ ಹೇಳಲ್ಲ ಅಂದ್ರು. ಇದು ಪವಾಡ ಅಂತ ಹೇಳಿ ಅಂತ ತಮ್ಮ ಮೇಲೆ ಒತ್ತಡ ಇತ್ತು ಅಂತ ಆಸ್ಪತ್ರೆಯೋರು ದೂರಿದ್ದೂ ಅದೇ ವರದೀಲಿ ಬಂತು. ಮೋನಿಕಾ ಗಂಡ ಮೊದ್ಲು ಡಾಕ್ಟ್ರೇ ವಾಸಿ ಮಾಡಿದ್ದು, ಪವಾಡ ಗಿವಾಡ ಏನಿಲ್ಲ ಅಂದಿದ್ರು. 2003ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದಕ್ಕೆ ಮಾತಾಡ್ವಾಗ ಹೌದು ಪವಾಡಾನೇ ಅಂದ್ರು, ಜೊತೆಗೆ ಮಕ್ಕಳ ಓದಿಗೆ ಸಿಸ್ಟರ್‌ಗಳು ಸಹಾಯ ಮಾಡ್ತಿದಾರೆ, ಒಂದು ಚೂರು ಜಮೀನೂ ತಗೊಂಡ್ವಿ ಅಂತ್ಲೂ ಹೇಳಿದ್ರು. ವಿಚಾರವಾದಿಗಳು ಇದನ್ನ ಹಿಡ್ಕೊಂಡು ಕೊಂಡ್ಕೊಂಡಿದಾರೆ ಅಂದ್ರು. ನನಗೆ ಹಾಗೆ ಅನ್ನೋಕೆ ಮನಸ್ಸು ಬರಲ್ಲ, ಬಡವರ ಮಕ್ಕಳನ್ನ ಓದಿಸೋದು ಆ ಸಿಸ್ಟರ್‌ಗಳು ದಿನಾ ಮಾಡೋ ಕೆಲ್ಸ. ಆದ್ರೆ ಸಾಕ್ಷಿ ಹೇಳೋರ ಮನೆಗೆ ಸಹಾಯ ಹೋಗ್ತಿದ್ರೆ, ಅದು ಎಷ್ಟೇ ಒಳ್ಳೆ ಮನಸ್ಸಿಂದ ಆಗಿರ್ಲಿ, ಸಾಕ್ಷಿ ತೂಕ ಕಮ್ಮಿ ಆಗುತ್ತೆ. ಹಳ್ಳಿ ಪಂಚಾಯ್ತೀಲೂ ಈ ಮಾತು ಹೇಳ್ತಾರೆ.

ಕಲ್ಕತ್ತಾದ ಪ್ರಬೀರ್ ಘೋಷ್, ಭಾರತೀಯ ವಿಜ್ಞಾನ ಮತ್ತು ಯುಕ್ತಿವಾದಿ ಸಮಿತಿಯೋರು, ಇದನ್ನ ಬಹಿರಂಗವಾಗಿ ಪ್ರಶ್ನೆ ಮಾಡಿದ್ರು. ನಮ್ಮಲ್ಲಿ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಬೇರೆ ಇದೆ, ತಾಯತ ಮಂತ್ರದಿಂದ ಇಂತಿಂಥ ಕಾಯಿಲೆ ವಾಸಿ ಅಂತ ಜಾಹೀರಾತು ಕೊಡೋ ಹಾಗಿಲ್ಲ. ಕರ್ನಾಟಕದೋರಿಗೆ ಈ ಥರದ ಜಗಳ ಹೊಸದೂ ಅಲ್ಲ, 1976ರಲ್ಲಿ ಎಚ್. ನರಸಿಂಹಯ್ಯನೋರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿ, ನಮ್ಮೆದುರು ಮಾಡಿ ತೋರ್ಸಿ ಅಂತ ಸತ್ಯ ಸಾಯಿಬಾಬಾಗೆ ಪತ್ರ ಬರೆದಿದ್ದು ನಮ್ಮಪ್ಪನ ಕಾಲದೋರಿಗೆಲ್ಲಾ ಗೊತ್ತು. ಆವತ್ತು ನರಸಿಂಹಯ್ಯನೋರಿಗೆ ಸಿಗದ ಉತ್ತರ ನೋಡಿ ನಮ್ಮ ಕ್ರೈಸ್ತರಲ್ಲೂ ಎಷ್ಟೋ ಜನ ನಕ್ಕಿದ್ರು. ಅದೇ ಪ್ರಶ್ನೆ ನಮ್ಮ ಮನೆ ಬಾಗಿಲಿಗೆ ಬಂದಾಗ ಮುಖ ಸಿಂಡರಿಸಿದ್ರೆ ಹೇಗೆ?

ಈಗ ರೋಮ್ ಕಡೆ ಬರೋಣ, ಅತ್ತೆ ಮಾತಲ್ಲೂ ಸತ್ಯ ಇದೆ. ಕ್ಯಾಥೋಲಿಕ್ ಚರ್ಚು ಯಾರೋ ಬಂದು ವಾಸಿ ಆಯ್ತು ಅಂದ ತಕ್ಷಣ ಗಂಟೆ ಬಾರಿಸಲ್ಲ. ಹದಿನೆಂಟನೇ ಶತಮಾನದಲ್ಲಿ ಪ್ರೊಸ್ಪೆರೊ ಲಾಂಬರ್ತಿನಿ ಅನ್ನೋರು, ಆಮೇಲೆ 14ನೇ ಬೆನೆಡಿಕ್ಟ್ ಪೋಪ್ ಆದೋರು, ಇದಕ್ಕೆ ಅಂತಾನೇ ಕಟ್ಟುನಿಟ್ಟು ನಿಯಮ ಬರೆದಿಟ್ರು. ಕಾಯಿಲೆ ಗಂಭೀರ ಆಗಿರ್ಬೇಕು, ತಾನಾಗೇ ಹೋಗೋ ಹಂತದಲ್ಲಿರಬಾರದು, ಔಷಧಿ ಕೊಟ್ಟಿರಬಾರದು ಇಲ್ಲಾ ಕೊಟ್ಟಿದ್ರೂ ಅದ್ರಿಂದ ಆಗಲಿಲ್ಲ ಅಂತ ಖಾತ್ರಿ ಇರ್ಬೇಕು, ವಾಸಿ ಆಗಿದ್ದು ಏಕಾಏಕಿ ಆಗ್ಬೇಕು, ಪೂರ್ತಿ ಆಗ್ಬೇಕು, ಮತ್ತೆ ಮರುಕಳಿಸಬಾರದು. ಸಂತ ಪದವಿಗೆ ಬಂದ ಹೆಸರಿನ ವಿರುದ್ಧ ವಾದ ಮಾಡೋಕೆ ಅಂತಾನೇ ಒಬ್ಬ ಅಧಿಕಾರಿ ಇರ್ತಿದ್ರು, ಜನ ಅವ್ರನ್ನ ಸೈತಾನನ ವಕೀಲ ಅಂತ ಕರೀತಿದ್ರು, ಆ ಹುದ್ದೆ 1587ರಿಂದ ಇತ್ತು, 1983ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ಅದ್ರ ಹಲ್ಲು ಕಿತ್ತರು. ನನ್ನ ಕೇಳಿದ್ರೆ ಅದು ತಪ್ಪು, ಮದರ್ ಕೇಸಲ್ಲಿ ಅದು ಎದ್ದು ಕಾಣುತ್ತೆ. ತೀರ್ಕೊಂಡು 5 ವರ್ಷ ಆಗೋವರೆಗೂ ಫೈಲ್ ತೆಗೀಬಾರದು ಅನ್ನೋ ನಿಯಮಾನೂ ಅವ್ರಿಗೆ ಸಡಿಲ ಮಾಡಿದ್ರು. ಹಾಗಂತ ವಿರೋಧದ ದನಿ ಕೇಳಲೇ ಇಲ್ಲ ಅನ್ನೋದು ಸುಳ್ಳು, ಮದರ್ ಮೇಲೆ ಕೆಂಡ ಕಾರ್ತಿದ್ದ ಕ್ರಿಸ್ಟಫರ್ ಹಿಚೆನ್ಸ್ ಮತ್ತೆ ಅರೂಪ್ ಚಟರ್ಜಿ ಇಬ್ರನ್ನೂ ಕರೆದು ಕೂರಿಸಿ ಹೇಳಿಕೆ ತಗೊಂಡ್ರು. ಕೆನಡಾದ ಫಾದರ್ ಬ್ರಯನ್ ಕೊಲೊಡಿಚುಕ್ ಈ ಇಡೀ ಕೆಲ್ಸದ ಉಸ್ತುವಾರಿ. ವೈದ್ಯರ ಮಂಡಳಿ ನೋಡಿತು, ದೇವಶಾಸ್ತ್ರದೋರು ನೋಡಿದ್ರು, 2002ರ ಡಿಸೆಂಬರಲ್ಲಿ ಪೋಪ್ ಸಹಿ ಬಿತ್ತು, 2003ರ ಅಕ್ಟೋಬರ್ 19ಕ್ಕೆ ಮದರ್‌ನ ಧನ್ಯೆ (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಅಂತ ಘೋಷಿಸಿದ್ರು, ಮೋನಿಕಾನೂ ರೋಮ್‌ಗೆ ಹೋಗಿದ್ರು. ಇದಾದ ಮೇಲೆ ಬ್ರೆಜಿಲ್‌ನಲ್ಲಿ 2008ರಲ್ಲಿ ಮೆದುಳಲ್ಲಿ ಕೀವುಗಡ್ಡೆಗಳಾಗಿದ್ದ ಒಬ್ಬ ಇಂಜಿನಿಯರ್ ವಾಸಿಯಾಗಿದ್ದನ್ನ ಎರಡನೇ ಪವಾಡ ಅಂತ ಒಪ್ಪಿ 2016ರ ಸೆಪ್ಟೆಂಬರ್ 4ಕ್ಕೆ ಸಂತ ಪದವಿ ಕೊಟ್ರು. ಅದು ಬೇರೆ ಕೇಸು, ಅದಕ್ಕೆ ನಾನಿಲ್ಲಿ ಕೈ ಹಾಕಲ್ಲ.

ಲಾಂಬರ್ತಿನಿ ನಿಯಮದಲ್ಲಿ "ಔಷಧಿ" ಅನ್ನೋ ಸಾಲು ನೋಡಿ. ಅವ್ರು ಬರೆದ ಕಾಲದಲ್ಲಿ ಟಿಬಿಗೆ ಔಷಧಿನೇ ಇರ್ಲಿಲ್ಲ, ಕೊಡ್ತಿದ್ದ ಕಷಾಯ, ರಕ್ತ ತೆಗೆಯೋದು ಇವುಗಳಿಂದ ಆಗಲಿಲ್ಲ ಅಂತ ಕಣ್ಮುಚ್ಚಿ ಹೇಳಬಹುದಿತ್ತು. ಫ್ರಾನ್ಸಿನ ಮರಿಯಮ್ಮನ ಯಾತ್ರಾಸ್ಥಳ ಲೂರ್ದ್‌ನಲ್ಲಿ ಮೊದಮೊದಲು ಒಪ್ಪಿದ ಗುಣಪಡಿಸುವಿಕೆಗಳಲ್ಲಿ ಟಿಬಿ ಕೇಸುಗಳೇ ಎಷ್ಟೊಂದು. ಅಲ್ಲಿ 1883ರಿಂದಲೇ ಡಾಕ್ಟ್ರುಗಳ ಕಚೇರಿ ಇದೆ, ಯಾವ ಧರ್ಮದ ಡಾಕ್ಟ್ರೂ ಹೋಗಿ ಕೂತು ಪೇಷೆಂಟ್‌ನ ನೋಡಬಹುದು. ಏಳು ಸಾವಿರದಷ್ಟು ಜನ ವಾಸಿ ಆಯ್ತು ಅಂತ ಹೇಳ್ಕೊಂಡು ಬಂದಿದ್ರಲ್ಲಿ 2018ರ ಹೊತ್ತಿಗೆ ಚರ್ಚ್ ಪವಾಡ ಅಂತ ಒಪ್ಪಿದ್ದು 70. 1902ರಲ್ಲಿ ಅಲೆಕ್ಸಿಸ್ ಕ್ಯಾರೆಲ್ ಅನ್ನೋ ಲಿಯೋನ್ ಊರಿನ ಯುವ ಡಾಕ್ಟ್ರು, ನಂಬಿಕೆ ಇಲ್ಲದೋರು, ರೈಲಲ್ಲಿ ಸಾಯೋ ಸ್ಥಿತಿ ಹೆಂಗಸೊಬ್ಳ ಜೊತೆ ಲೂರ್ದ್‌ಗೆ ಹೋದ್ರು, ಹೊಟ್ಟೆ ಪೊರೆಯ ಟಿಬಿ ಅಂತ ಅವ್ರ ಲೆಕ್ಕ, ಊದಿಕೊಂಡಿದ್ದ ಆ ಹೊಟ್ಟೆ ಒಂದೇ ಮಧ್ಯಾಹ್ನದಲ್ಲಿ ಇಳಿದಿದ್ದನ್ನ ಕಣ್ಣಾರೆ ಕಂಡ್ರು. ಕಂಡಿದ್ದನ್ನ ಹೇಳಿದ್ದಕ್ಕೆ ಊರಲ್ಲಿ ಕೆಲ್ಸಕ್ಕೆ ಕುತ್ತು ಬಂತು, ಅಮೆರಿಕಾಗೆ ಹೋದ್ರು, 1912ರಲ್ಲಿ ನೊಬೆಲ್ ಬಂತು, ರಕ್ತನಾಳ ಹೊಲಿಯೋ ಕೆಲ್ಸಕ್ಕೆ. ನಮ್ಮ ಕಡೆಯ ಭಾಷಣಕಾರರು ಇಷ್ಟು ಹೇಳಿ ಚಪ್ಪಾಳೆ ತಗೋತಾರೆ. ಮುಂದಿನದು ಹೇಳಲ್ಲ: ಲೂರ್ದ್ ಒಪ್ಪಿರೋ ಪವಾಡಗಳ ಪಟ್ಟೀಲಿ ಆ ಕೇಸೇ ಇಲ್ಲ. ಹೊಟ್ಟೆ ಊದೋಕೆ ಮಾನಸಿಕ ಕಾರಣ ಇತ್ತಾ ಅಂತ ಸರಿಯಾಗಿ ಪರೀಕ್ಷೆ ಆಗಿಲ್ಲ ಅಂತ ಅಲ್ಲಿನ ಡಾಕ್ಟ್ರುಗಳೇ ಬೇಡ ಅಂದ್ರು. ನೊಬೆಲ್ ಬಂದೋರ ಕಣ್ಣಿಗೂ ಸೈ ಅನ್ಲಿಲ್ಲ, ಕಾಗದ ಕೇಳಿದ್ರು.

ಈ ಅಳತೆಗೋಲು ಹಿಡಿದು ಮೋನಿಕಾ ಕೇಸಿಗೆ ಬಂದ್ರೆ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ರಿಫಾಂಪಿಸಿನ್, ಐಸೋನಿಯಾಜಿಡ್ ನುಂಗ್ತಿರೋ ಪೇಷೆಂಟ್ ವಿಷ್ಯದಲ್ಲಿ "ಔಷಧಿಯಿಂದ ಆಗಲಿಲ್ಲ ಅಂತ ಖಾತ್ರಿ" ಹೇಗೆ ಹೇಳ್ತೀರಾ? ನಮ್ಮೋರು ಇಲ್ಲಿ ಒಂದು ಜಾಣ ಉತ್ತರ ಕೊಡ್ತಾರೆ, ಮಾತ್ರೆ ಮೂಲಕಾನೇ ದೇವರು ಕೆಲ್ಸ ಮಾಡಿದ್ದು ಅಂತ. ಕೇಳೋಕೆ ಚೆನ್ನಾಗಿದೆ, ಮನೇಲಿ ಪ್ರಾರ್ಥನೆ ಮಾಡ್ವಾಗ ನಾನೂ ಅದನ್ನೇ ಹೇಳ್ತೀನಿ, ನಂಬ್ತೀನಿ ಕೂಡ. ಆದ್ರೆ ಅದು ಪವಾಡ ಅಲ್ಲ, ಚರ್ಚಿನ ನಿಯಮದ ಪ್ರಕಾರವೇ ಅಲ್ಲ. ಹಾಗೆ ನೋಡಿದ್ರೆ ನಮ್ಮ ಆಸ್ಪತ್ರೆ ಬೆಂಚಿನ ಮೇಲೆ ಕೂತಿರೋ ಪ್ರತಿಯೊಬ್ರೂ ಪವಾಡವೇ, ಒಬ್ರನ್ನ ಮಾತ್ರ ರೋಮ್‌ಗೆ ಕರ್ಕೊಂಡು ಹೋಗೋ ಅಗತ್ಯ ಇಲ್ಲ. ವಿಚಾರವಾದಿ ಬಂದಾಗ "ಮಾತ್ರೆಗೂ ದೇವರೇ ಕಾರಣ" ಅನ್ನೋದು, ಭಕ್ತರ ಮುಂದೆ "ವಿಜ್ಞಾನ ಕೈಚೆಲ್ಲಿತು" ಅನ್ನೋದು, ಎರಡು ದೋಣೀಲಿ ಕಾಲಿಟ್ಟ ಹಾಗೆ.

ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿದೆ, ಪೊಲೀಸ್ ಸ್ಟೇಷನ್‌ಗೆ ಹೋಗೋದು. 2012ರಲ್ಲಿ ಮುಂಬೈನ ಇರ್ಲಾದ ಒಂದು ಚರ್ಚ್ ಹತ್ರ ಶಿಲುಬೆ ಪ್ರತಿಮೆಯ ಪಾದದಿಂದ ನೀರು ತೊಟ್ಟಿಕ್ತಾ ಇತ್ತು, ಜನ ತೀರ್ಥ ಅಂತ ಬಾಟ್ಲಿಗೆ ಹಿಡ್ಕೊಂಡ್ರು. ವಿಚಾರವಾದಿ ಸನಲ್ ಎಡಮರುಕು ಹೋಗಿ ನೋಡಿ, ಹತ್ರದ ಚರಂಡಿ ಕಟ್ಕೊಂಡು ನೀರು ಗೋಡೇಲಿ ಬತ್ತಿಗೆ ಎಣ್ಣೆ ಏರೋ ಹಾಗೆ ಮೇಲೇರ್ತಿದೆ ಅಂತ ತೋರಿಸಿದ್ರು. ಕುಡೀಬೇಡಿ ಅಂತ ಹೇಳಿದೋರಿಗೆ ಥ್ಯಾಂಕ್ಸ್ ಹೇಳ್ಬೇಕಿತ್ತು, ನಮ್ಮ ಕೆಲವು ಸಂಘಟನೆಯೋರು ಧಾರ್ಮಿಕ ಭಾವನೆಗೆ ಧಕ್ಕೆ ತಂದ್ರು ಅಂತ ಐಪಿಸಿ 295ಎ ಅಡಿ ದೂರು ಕೊಟ್ರು, ಅವ್ರು ಫಿನ್‌ಲೆಂಡ್‌ಗೆ ಹೋಗಿ ಅಲ್ಲೇ ಉಳಿಯೋ ಹಾಗಾಯ್ತು. ಚರ್ಚು ಅದನ್ನ ಪವಾಡ ಅಂತ ಘೋಷಣೆನೂ ಮಾಡಿರ್ಲಿಲ್ಲ. ಚರಂಡಿ ನೀರಿಗೋಸ್ಕರ ಒಬ್ಬ ಮನುಷ್ಯನ್ನ ದೇಶ ಬಿಡಿಸಿದ್ವಿ ಅಂತ ನೆನೆಸ್ಕೊಂಡ್ರೆ ನನಗೆ ಇವತ್ತಿಗೂ ನಾಚಿಕೆ ಆಗುತ್ತೆ.

ಹಾಗಿದ್ರೆ ಕ್ರೈಸ್ತನಾಗಿ ನನ್ನ ಉತ್ತರ ಏನು ಅಂತ ಭಾವ ಫೋನಲ್ಲಿ ಕೇಳಿದ್ರು. ನಮ್ಮ ಕನ್ನಡ ಸತ್ಯವೇದ ನೋಡಿ, ಯೇಸು ಮಾಡಿದ್ದಕ್ಕೆ "ಪವಾಡ" ಅಂತ ಬರೆದಿಲ್ಲ, ಯೋಹಾನನ ಪುಸ್ತಕದಲ್ಲಿ "ಸೂಚಕಕಾರ್ಯ" ಅಂತಿದೆ. ಎಷ್ಟು ಚೆಂದದ ಪದ ಅದು. ಬಸ್‌ಸ್ಟ್ಯಾಂಡಲ್ಲಿ ಊರಿನ ಹೆಸರು ಬರೆದ ಬೋರ್ಡ್ ಥರ, ಬೋರ್ಡಿಗೆ ಕೈ ಮುಗಿಯೋರು ಯಾರೂ ಇಲ್ಲ, ಅದು ತೋರಿಸೋ ಕಡೆ ಹೋಗ್ಬೇಕು. ಮತ್ತೆ ಕುಷ್ಠರೋಗಿಗಳು ಬಂದಾಗ ಯೇಸು ಏನು ಹೇಳ್ತಾರೆ, ಹೋಗಿ ಯಾಜಕರಿಗೆ ಮೈ ತೋರಿಸ್ಕೊಳ್ಳಿ ಅಂತ. ಆ ಕಾಲಕ್ಕೆ ಚರ್ಮ ನೋಡಿ ವಾಸಿಯಾಗಿದೆ ಇಲ್ಲ ಅಂತ ತೀರ್ಪು ಕೊಡೋ ಅಧಿಕಾರ ಯಾಜಕರದ್ದು, ಅಂದ್ರೆ ಇವತ್ತಿನ ಲೆಕ್ಕದಲ್ಲಿ ಲ್ಯಾಬಿಗೆ ಹೋಗಿ ರಿಪೋರ್ಟ್ ತಗೊಂಡು ಬನ್ನಿ ಅಂದ ಹಾಗೆ. ಅದೂ ತನ್ನ ಪರವಾಗಿ ಇಲ್ಲದೋರ ಹತ್ರಾನೇ ಕಳಿಸಿದ್ದು. ಸುವಾರ್ತೆ ಬರೆದ ಲೂಕ ವೈದ್ಯ, ನಮ್ಮ ಕ್ಯಾಥೋಲಿಕ್ ಬೈಬಲ್‌ನ ಸಿರಾಕನ ಪುಸ್ತಕದಲ್ಲಿ ವೈದ್ಯನಿಗೆ ಸಲ್ಲಬೇಕಾದ ಗೌರವ ಸಲ್ಲಿಸು, ಔಷಧಿ ನೆಲದಿಂದ ಹುಟ್ಟಿಸಿದೋನು ದೇವರೇ ಅನ್ನೋ ಅರ್ಥದ ಅಧ್ಯಾಯವೇ ಇದೆ. ಮದರ್ ತೆರೇಸಾಗೂ 1989ರಲ್ಲಿ ಪೇಸ್‌ಮೇಕರ್ ಹಾಕಿದ್ರು, ಅವ್ರ ನಂಬಿಕೆ ಕಮ್ಮಿ ಅಂತ ಯಾರೂ ಅನ್ಲಿಲ್ಲ.

ಅದಕ್ಕೆ ನಾನು ಭಾವನಿಗೆ ಹೇಳಿದ್ದು: ದೇವರು ಗಡ್ಡೆ ತೆಗೆಯಬಲ್ಲ ಅಂತ ನಾನು ನಂಬ್ತೀನಿ, ಈ ಗಡ್ಡೆ ಹಾಗೆ ಹೋಯ್ತು ಅಂತ ಒಪ್ಪೋಕೆ ನನ್ ಮುಂದೆ ಇರೋ ಕಾಗದ ಸಾಲ್ದು, ಡಾಕ್ಟ್ರು ಹೇಳಿದ್ದೇ ನನಗೆ ಸರಿ ಕಾಣುತ್ತೆ. ಇದ್ರಿಂದ ನನ್ ನಂಬಿಕೆ ಏನೂ ಕುಸಿಯಲ್ಲ, ಕ್ಯಾಥೋಲಿಕ್ ಆಗಿರೋಕೆ ಈ ಪವಾಡ ನಂಬಲೇಬೇಕು ಅಂತ ಯಾವ ಫಾದರೂ ನನ್ನ ಕೇಳಿಲ್ಲ. ಕಲ್ಕತ್ತಾದ ರಸ್ತೇಲಿ ಸಾಯ್ತಾ ಬಿದ್ದಿದ್ದೋರನ್ನ ಎತ್ಕೊಂಡು ಬಂದು ಒಳಗೆ ಮಲಗಿಸಿದ್ದಕ್ಕೆ ಮೆಡಲ್ ಬೇಕಾಗಿಲ್ಲ. ಆದ್ರೆ ನಾವು ಪವಾಡ ಅಂತ ಜಗತ್ತಿಗೆ ಹೇಳೋದೇ ಆದ್ರೆ ಸ್ಕ್ಯಾನ್ ಹಾಳೆ ಟೇಬಲ್ ಮೇಲೆ ಇರ್ಬೇಕು, ಮೊದ್ಲೇ, ಯಾರೂ ಕೇಳೋಕೆ ಮುಂಚೆ. ಭಾವ ಒಂದು ನಿಮಿಷ ಸುಮ್ನಿದ್ದು, "ಹಾಗಾದ್ರೆ ನೀನೂ ನಮ್ ಕಡೇನೇ" ಅಂದ್ರು. ಅಲ್ಲ ಭಾವ, ಸಂಜೆ ಜಪಸರ ಇದೆ, ನೀವೂ ಬನ್ನಿ ಅಂದೆ. ಅವ್ರು ನಕ್ಕು ಫೋನ್ ಇಟ್ರು.

ಅತ್ತೆಗೆ ಹೇಳೋದು ಕಷ್ಟ ಇತ್ತು. ಅವ್ರಿಗೂ ಮದುವೆಗೆ ಮುಂಚೆ ಟಿಬಿ ಆಗಿತ್ತು, ಕುತ್ತಿಗೇಲಿ ಗಂಟು, ಆಗ ಅವ್ರ ಅಮ್ಮ ಕಟ್ಟಿದ ಮರಿಯಮ್ಮನ ಮೆಡಲ್ ಇನ್ನೂ ಸೆರಗಿನ ಪಿನ್ನಲ್ಲಿದೆ, ಉಜ್ಜಿ ಉಜ್ಜಿ ಮುಖ ಸವೆದು ಹೋಗಿದೆ. ಹೋದ ವಾರ ಮನೆಗೆ ಹೋಗಿ, ಇದನ್ನೆಲ್ಲಾ ನಿಧಾನಕ್ಕೆ ಓದಿ ಹೇಳಿದೆ. ಅವರೆಕಾಯಿ ಸುಲೀತಾ ಕೂತಿದ್ರು, ನಡುವೆ ಒಂದು ಮಾತೂ ಆಡ್ಲಿಲ್ಲ, ನನಗೆ ಬೈಗುಳ ಗ್ಯಾರಂಟಿ ಅನ್ಕೊಂಡೆ.

"ಆ ಯಮ್ಮ ಆಮೇಲೆ ಚೆನ್ನಾಗಿದ್ಲಾ?" ಅಂದ್ರು.

ಚೆನ್ನಾಗಿದ್ರು ಅತ್ತೆ, 2016ರಲ್ಲಿ ಪತ್ರಿಕೆಯೋರು ಊರಿಗೆ ಹೋಗಿದ್ರು, ಗಟ್ಟಿಯಾಗೇ ಇದ್ರು, ಮದರೇ ವಾಸಿ ಮಾಡಿದ್ದು ಅಂತ ಆಗ್ಲೂ ಹೇಳಿದ್ರು.

"ಅದು ಸರಿ. ಮಾತ್ರೆ ಪೂರ್ತಿ ಮುಗಿಸಿದ್ಲಂತಾ, ನಡುವೆ ಬಿಟ್ಲಾ?"

ಡಾಕ್ಟ್ರು ಒಂಬತ್ತು ತಿಂಗಳಿಂದ ಒಂದು ವರ್ಷ ತಗೊಂಡ್ರು ಅಂತಾರೆ ಅಂದೆ.

"ಸದ್ಯ" ಅಂತ ಹೇಳಿ ಅತ್ತೆ ಇನ್ನೊಂದು ಹಿಡಿ ಅವರೆಕಾಯಿ ಮೊರಕ್ಕೆ ಸುರ್ಕೊಂಡ್ರು.